ಸ್ಟ್ಯಾಟಿಕ್ಸ್ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಸೂತ್ರ ಎಲ್ಲ ಬಾಯಿಗೆ ಬರುತ್ತವೆ, ಆದರೆ ಸ್ಟ್ಯಾಟಿಕ್ಸ್, ಅಂದರೆ ಅಲುಗಾಡದೆ ನಿಂತ ವಸ್ತುವಿನ ಮೇಲಿನ ಬಲಗಳ ಲೆಕ್ಕ ಕಂಡರೆ ಮೊದಲ ಸಾಲೇ ಹೊಳೆಯಲ್ಲ, ಉತ್ತರ ಮೈನಸ್ ಬಂದರೆ ಗಾಬರಿ ಆಗುತ್ತದೆ ಅಂತ ಕೇಳಿದ್ದೀರಿ. ಜಮಖಂಡಿ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಎಂಜಿನಿಯರಿಂಗ್ ಓದಲು ಹೋದಾಗ ನನಗೂ ಇದೇ ಆಗಿತ್ತು. ದಾರಿ ಸಿಕ್ಕಿದ್ದು ರಜೆಗೆ ಊರಿಗೆ ಬಂದಾಗ, ಕಬ್ಬು ಹೇರುವ ಚಕ್ಕಡಿ ಹತ್ತಿರ.

"ಹಿಂದ ಭಾಳ ಆತು, ಮುಂದ ಹಾಕ್ರಿ" ಅಂತ ಅಪ್ಪ ಆಳುಗಳಿಗೆ ಕೂಗುತ್ತಿದ್ದ. ಭಾರ ಹಿಂದೆ ಜಾಸ್ತಿಯಾದರೆ ನೊಗ ಮೇಲೇಳುತ್ತದೆ, ಎತ್ತಿನ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ನೋಯುತ್ತದೆ. ಇದು ಮೊಮೆಂಟ್ (ಬಲ × ದೂರ, ಅಂದರೆ ಬಲದ ತಿರುಗಿಸುವ ಪರಿಣಾಮ) ಲೆಕ್ಕವೇ ಅಲ್ವಾ?

ಈಗ ನಿಂತ ಚಕ್ಕಡಿಯೊಂದನ್ನೇ ಹಾಳೆ ಮೇಲೆ ಬರೆಯಿರಿ. ರಸ್ತೆ ಬೇಡ, ಎತ್ತು ಬೇಡ. ಅವುಗಳನ್ನು ತೆಗೆದ ಜಾಗದಲ್ಲಿ ಅವು ಚಕ್ಕಡಿಗೆ ಕೊಡುತ್ತಿದ್ದ ಬಲದ ಬಾಣ ಹಾಕಿ. ಫ್ರೀ ಬಾಡಿ ಡಯಾಗ್ರಾಮ್ ಅಂದರೆ ಇಷ್ಟೇ. ಹೆಚ್ಚಿನವರು ತಪ್ಪುವುದೂ ಇಲ್ಲಿಯೇ. ನೊಗ ಎತ್ತನ್ನು ಕೆಳಗೆ ಒತ್ತುತ್ತದೆ, ನಿಜ. ಆದರೆ ನಾವು ಬರೆದಿರುವುದು ಚಕ್ಕಡಿ. ಎತ್ತು ಅದನ್ನು ಮೇಲಕ್ಕೆ ಒತ್ತುತ್ತದೆ, ಬಾಣ ಮೇಲಕ್ಕೇ ಹೋಗಬೇಕು.

ಚಕ್ಕಡಿ ಮತ್ತು ಕಬ್ಬು ಸೇರಿ 10 ಕಿಲೋನ್ಯೂಟನ್ ಇರಲಿ, ಅಂದರೆ ಸುಮಾರು ಒಂದು ಟನ್. ಭಾರದ ಕೇಂದ್ರ ಅಚ್ಚಿಗಿಂತ 0.15 ಮೀಟರ್ ಮುಂದಿದೆ. ಅಚ್ಚಿನಿಂದ ನೊಗಕ್ಕೆ 3 ಮೀಟರ್. ಗೊತ್ತಿಲ್ಲದ ಬಲ ಎರಡು: ಗಾಲಿಯದು, ನೊಗದ್ದು. ಅಚ್ಚಿನ ಸುತ್ತ ಮೊಮೆಂಟ್ ತೆಗೆದುಕೊಂಡರೆ ಗಾಲಿಯ ಬಲ ಲೆಕ್ಕದಿಂದಲೇ ಹೊರಗೆ ಬೀಳುತ್ತದೆ, ಏಕೆಂದರೆ ಅದಕ್ಕೆ ಅಲ್ಲಿ ದೂರವೇ ಇಲ್ಲ. ನೊಗದ ಬಲ 10 × 0.15 ÷ 3 = 0.5. ಉಳಿದ 9.5 ಗಾಲಿಗಳ ಮೇಲೆ. ಯಾವ ಬಿಂದು ಹಿಡಿದರೆ ಗೊತ್ತಿಲ್ಲದ್ದು ಜಾಸ್ತಿ ಮಾಯವಾಗುತ್ತದೋ ಅಲ್ಲಿಂದಲೇ ಶುರು ಮಾಡಿ.

ಈಗ ಅದೇ ಭಾರದ ಕೇಂದ್ರವನ್ನು ಅಚ್ಚಿಗಿಂತ 0.15 ಮೀಟರ್ ಹಿಂದಕ್ಕೆ ಸರಿಸಿ. ನೊಗದ ಬಲ ಮೈನಸ್ 0.5 ಬರುತ್ತದೆ. ಗಾಬರಿ ಬೇಡ, ಬಾಣ ತಿದ್ದುವುದೂ ಬೇಡ. ನೀವು ಮೇಲಕ್ಕೆ ಅಂದುಕೊಂಡಿದ್ದಿರಿ, ಅದು ಕೆಳಕ್ಕಿದೆ ಅಷ್ಟೇ. ಕೊರಳಿನ ಹಗ್ಗ ನೊಗವನ್ನು ಕೆಳಗೆ ಎಳೆಯುತ್ತಿದೆ. ಗಾಲಿಯ ಮೇಲೆ 10.5, ಹೇರಿದ ಭಾರಕ್ಕಿಂತಲೂ ಜಾಸ್ತಿ! ಇದನ್ನು ಮೊದಲ ಸಲ ಬಿಡಿಸಿದ ದಿನ ನನಗೆ ನಿದ್ದೆ ಬರಲಿಲ್ಲ.

ಬೀಮ್ (ತೊಲೆ) ಲೆಕ್ಕಕ್ಕೂ ಇದೇ ದಾರಿ, ಆಧಾರ ತೆಗೆದ ಜಾಗದಲ್ಲಿ ಬಾಣ ಹಾಕಿ. ರೋಲರ್ (ಉರುಳುವ ಆಧಾರ) ಇದ್ದರೆ ಒಂದು ಬಾಣ, ಹಿಂಜ್ (ತಿರುಗಬಲ್ಲ, ಸರಿಯದ ಆಧಾರ) ಇದ್ದರೆ ಎರಡು, ಗೋಡೆಯಲ್ಲಿ ಹೂತಿದ್ದರೆ ಎರಡು ಬಾಣ ಮತ್ತು ಒಂದು ಮೊಮೆಂಟ್. ಇಳಿಜಾರಿನ ಲೆಕ್ಕದಲ್ಲಿ ಅಕ್ಷವನ್ನೂ ಇಳಿಜಾರಿನ ಜೊತೆ ವಾಲಿಸಿ, ಕೆಲಸ ಅರ್ಧ ಆಗುತ್ತದೆ. ಲಾಮಿ ಪ್ರಮೇಯವನ್ನು (ಪ್ರತಿ ಬಲವೂ ಉಳಿದೆರಡರ ನಡುವಿನ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ ಎನ್ನುವ ಸೂತ್ರ) ಎಲ್ಲೆಂದರಲ್ಲಿ ಹಾಕಬೇಡಿ. ಬಲಗಳು ಮೂರೇ ಇದ್ದು, ಒಂದೇ ಬಿಂದುವಿನಲ್ಲಿ ಸೇರಿ, ಸಮತೋಲದಲ್ಲಿದ್ದರೆ ಮಾತ್ರ ಅದು ನಡೆಯುತ್ತದೆ.

ಉತ್ತರ ಬಂದ ಮೇಲೆ ಬೇರೆ ಬಿಂದುವಿನಿಂದ ತಾಳೆ ನೋಡಿ. ಮೊದಲ ಲೆಕ್ಕವನ್ನೇ ನೊಗದ ಕಡೆಯಿಂದ ಹಿಡಿಯಿರಿ: 9.5 × 3 ಮಾಡಿದರೂ 28.5, 10 × 2.85 (3ರಲ್ಲಿ 0.15 ಕಳೆದ ದೂರ) ಮಾಡಿದರೂ 28.5. ಪರೀಕ್ಷೆಯಲ್ಲಿ ಇದಕ್ಕೆ ಒಂದು ನಿಮಿಷ ಸಾಕು.