ಯಾವ ಕ್ಯಾಸೆಟ್ ಗೆಲ್ಲುತ್ತದೆಂದು ಮೊದಲೇ ಹೇಳಬಹುದಿತ್ತೇ?

ಪ್ರಶ್ನೆ: ಬೀಟಾಮ್ಯಾಕ್ಸ್ ಎಂಬ ವಿಡಿಯೊ ಕ್ಯಾಸೆಟ್ಟಿನ ಚಿತ್ರ ಅದರ ಎದುರಾಳಿ ವಿಎಚ್‌ಎಸ್ ಕ್ಯಾಸೆಟ್ಟಿಗಿಂತ ಚೆನ್ನಾಗಿತ್ತೆಂದು ಕೇಳಿದ್ದೇನೆ. ಹಾಗಿದ್ದೂ ಅದು ಸೋತದ್ದೇಕೆ? ಇಂಥ ಪೈಪೋಟಿಯಲ್ಲಿ ಗೆಲ್ಲುವವರನ್ನು ಮೊದಲೇ ಗುರುತಿಸಲು ಸಾಧ್ಯವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಖಚಿತವಾಗಿ ಸಾಧ್ಯವಿಲ್ಲ, ಆದರೆ ಸುಳಿವುಗಳು ಇದ್ದೇ ಇರುತ್ತವೆ. ಚಿತ್ರದ ಗುಣಮಟ್ಟವೊಂದನ್ನೇ ನೋಡಿ ಭವಿಷ್ಯ ನುಡಿದವರು ಅವನ್ನು ಗಮನಿಸಲಿಲ್ಲ. ಸೋನಿ 1975ರಲ್ಲಿ ತಂದ ಬೀಟಾಮ್ಯಾಕ್ಸ್ ಕ್ಯಾಸೆಟ್ಟಿನಲ್ಲಿ ಆರಂಭದಲ್ಲಿ ಒಂದು ಗಂಟೆಯಷ್ಟೇ ಮುದ್ರಿಸಿಕೊಳ್ಳಬಹುದಿತ್ತು. ಮರುವರ್ಷ ಜೆವಿಸಿ ಕಂಪನಿ ಹೊರತಂದ ವಿಎಚ್‌ಎಸ್‌ನಲ್ಲಿ ಎರಡು ಗಂಟೆ ಹಿಡಿಯುತ್ತಿತ್ತು. ಸಿನಿಮಾ ಮುಗಿಯುವ ಮೊದಲೇ ಕ್ಯಾಸೆಟ್ ಮುಗಿದರೆ ಚಿತ್ರ ಎಷ್ಟು ಸ್ಫುಟವಾಗಿದ್ದರೇನು? ನಿಮ್ಮ ಕಡೆ ಇಡೀ ರಾತ್ರಿಯ ಯಕ್ಷಗಾನವನ್ನು ವಿಡಿಯೊ ಮಾಡಿಸಿದವರಿಗೆ, ಭಾಗವತರು ಏರುಪದ್ಯ ಹಿಡಿದಿರುವಾಗಲೇ ಕ್ಯಾಸೆಟ್ ಬದಲಿಸಬೇಕಾಗಿ ಬರುವ ಸಂಕಟವನ್ನು ವಿವರಿಸಬೇಕಾಗಿಲ್ಲ. ಜೊತೆಗೆ ಜೆವಿಸಿ ತನ್ನ ತಂತ್ರಜ್ಞಾನವನ್ನು ಇತರ ತಯಾರಕರಿಗೂ ಧಾರಾಳವಾಗಿ ಕೊಟ್ಟದ್ದರಿಂದ ಯಂತ್ರಗಳು ಹೆಚ್ಚಿದವು, ಬೆಲೆ ಇಳಿಯಿತು, ಬಾಡಿಗೆ ಅಂಗಡಿಯವರು ಹೆಚ್ಚು ಮನೆಗಳಲ್ಲಿದ್ದ ಯಂತ್ರಕ್ಕೆ ಹೊಂದುವ ಕ್ಯಾಸೆಟ್ಟುಗಳನ್ನೇ ತರಿಸತೊಡಗಿದರು.

2006ರಲ್ಲಿ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಬಗೆಯ ವಿಡಿಯೊ ಡಿಸ್ಕುಗಳು ಎದುರುಬದುರಾದಾಗಲೂ ಹೀಗೆಯೇ ಆಯಿತು. ಒಂದು ಪದರದಲ್ಲಿ ಮೊದಲನೆಯದು 25 ಗಿಗಾಬೈಟ್ ಹಿಡಿದರೆ ಎರಡನೆಯದು 15 ಹಿಡಿಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ತೂಕದ ಸಂಗತಿಯೆಂದರೆ, ಆಟಕ್ಕೆಂದು ಬ್ಲೂ-ರೇ ಡಿಸ್ಕನ್ನೂ ಓಡಿಸಬಲ್ಲ ಪ್ಲೇಸ್ಟೇಷನ್ 3 ಎಂಬ ವಿಡಿಯೊ ಗೇಮ್ ಯಂತ್ರ ಕೊಂಡವರ ಮನೆಗೆ ಬ್ಲೂ-ರೇ ತಾನಾಗಿಯೇ ಹೊಕ್ಕದ್ದು. 2008ರ ಜನವರಿಯಲ್ಲಿ ವಾರ್ನರ್ ಚಲನಚಿತ್ರ ಸಂಸ್ಥೆ ಬ್ಲೂ-ರೇ ಪಕ್ಷಕ್ಕೆ ವಾಲಿತು; ಮರುತಿಂಗಳೇ ಎಚ್‌ಡಿ ಡಿವಿಡಿಯ ಬೆನ್ನಿಗಿದ್ದ ತೋಶಿಬಾ ಕಣದಿಂದ ಹಿಂದೆ ಸರಿಯಿತು.

ಅಂದಹಾಗೆ, ಸೋತಿತೆಂದು ಎಲ್ಲರೂ ಕೈಬಿಟ್ಟಿದ್ದ ಬೀಟಾಮ್ಯಾಕ್ಸ್ ಕ್ಯಾಸೆಟ್ಟುಗಳನ್ನು ಸೋನಿ 2016ರ ಮಾರ್ಚ್‌ವರೆಗೂ ಮಾರಿತು.