ಈ ಸಲ ಸಾಬೂನು ಬೇಡ, ಮೇಣದಬತ್ತಿ ಮಾಡಿ

ಕ್ರಿಸ್‌ಮಸ್‌ಗೆ ಎರಡೇ ವಾರ ಉಳಿದಿವೆ, ಅತ್ತಿಗೆಗೆ ಮನೆಯಲ್ಲೇ ಸಾಬೂನು ಮಾಡಿ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈ ಸಲ ಬೇಡ. ಕಾಯಿಸದೆ ಮಾಡುವ ಸಾಬೂನು ಹದವಾಗಿ ಒಣಗಲು 4ರಿಂದ 6 ವಾರ ಬೇಕು. ಅವಸರಪಟ್ಟರೆ ಅದು ಮೆತ್ತಗೇ ಉಳಿದು ಬೇಗ ಕರಗಿಹೋಗುತ್ತದೆ.

ಬದಲಿಗೆ ಜೇನುಮೇಣದ ಬತ್ತಿ ಮಾಡಿ. ಸಾಮಾನ್ಯ ಮೇಣದಬತ್ತಿಯಲ್ಲಿರುವ ಪ್ಯಾರಾಫಿನ್ ಮೇಣ ಬರುವುದು ಪೆಟ್ರೋಲಿಯಂನಿಂದ. ಜೇನುಮೇಣಕ್ಕಾದರೋ ತನ್ನದೇ ನವಿರಾದ ಪರಿಮಳವಿದೆ. ಅದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೇರ ಉರಿಯ ಮೇಲೆ ಇಡಲೇಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಒಳಗಿನ ಹತ್ತಿಯ ದಾರ ಸ್ವಲ್ಪ ದಪ್ಪವೇ ಇರಲಿ. ತೆಳುವಾದರೆ ಮೇಣದಲ್ಲಿ ಮುಳುಗಿ ಆರುತ್ತದೆ. ಅತ್ತಿಗೆ ವೀಗನ್ ಆಗಿದ್ದರೆ, ಅಂದರೆ ಜೇನುಮೇಣದಂಥ ಪ್ರಾಣಿಜನ್ಯ ವಸ್ತು ಬಳಸದವರಾಗಿದ್ದರೆ, ಸೋಯಾ ಮೇಣವನ್ನು ಗಾಜಿನ ಲೋಟದಲ್ಲಿ ಹೊಯ್ಯಿರಿ.

ಉಡುಗೊರೆಯನ್ನು ಸುತ್ತಿಕೊಡಲು ಮಿನುಗುವ ಕಾಗದ ಬೇಡ, ಹಳೆಯ ಹತ್ತಿ ಬಟ್ಟೆಯೇ ಚೆನ್ನ. ಸಾಬೂನನ್ನು ಮುಂದಿನ ವರ್ಷ ಅಕ್ಟೋಬರ್‌ನಲ್ಲೇ ಶುರುಮಾಡಿ.