ತಮ್ಮನ ಕೆಮ್ಮನ್ನು ಮುಚ್ಚಿಡಬೇಡಿ

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನನ್ನ ತಮ್ಮ ಎಂಟು ತಿಂಗಳಿಂದ ವಿಚಾರಣಾಧೀನ ಕೈದಿ. ಕಳೆದ ಭೇಟಿಯಲ್ಲಿ ಮಾತಿನ ನಡುವೆ ಕೆಮ್ಮುತ್ತಲೇ ಇದ್ದ. ಮೂರು ವಾರವಾಯಿತಂತೆ. 'ಯಾರಿಗೂ ಹೇಳಬೇಡ, ಬೇರೆ ಹಾಕಿಬಿಡುತ್ತಾರೆ' ಎಂದ. ಅವನ ಬ್ಯಾರಕ್‌ನಲ್ಲಿ ಎಲ್ಲರಿಗೂ ತುರಿಕಜ್ಜಿಯಂತೆ. ಮುಂದಿನ ತಿಂಗಳು ಜಾಮೀನು ಸಿಗಬಹುದು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿವೆ. ನಾನು ಏನು ಮಾಡಲಿ?
— ಹೆಸರು ಬೇಡ ಎಂದಿರುವ ಓದುಗರು

ಉತ್ತರ: ತಂಗೀ, ಜಾಮೀನಿನ ತನಕ ಕಾಯಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಅದು ಕ್ಷಯವೇ ಎಂದು ಇಲ್ಲಿ ಕುಳಿತು ನಾನು ಹೇಳಲಾರೆ. ಆದರೆ ಜೈಲಿನೊಳಗೆ ಕ್ಷಯ ಹೊರಗಿಗಿಂತ ಎಷ್ಟೋ ಪಟ್ಟು ಹೆಚ್ಚು. ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ ಇರಬೇಕು.

'ಯಾರಿಗೂ ಹೇಳಬೇಡ' ಎಂಬ ಮಾತು ನನಗೆ ಬಹಳ ಹಳೆಯ ಪರಿಚಯ. ಹದಿನೇಳು ವರ್ಷ ಜೈಲು ವೈದ್ಯನಾಗಿದ್ದೆ. ಮೊದಮೊದಲು ನಮ್ಮಲ್ಲಿ ಕೆಮ್ಮುವವರನ್ನು ಒಂಟಿ ಕೋಣೆಗೆ ಕಳುಹಿಸುತ್ತಿದ್ದರು. ತಪ್ಪು ಮಾಡಿದವರನ್ನು ಹಾಕುವುದೂ ಅದೇ ಕೋಣೆಗೆ. ಭೇಟಿ ಇಲ್ಲ, ಕೆಲಸವಿಲ್ಲ, ಕೂಲಿಯೂ ಇಲ್ಲ. ಆ ಚೀಟಿಗಳಿಗೆ ಸಹಿ ಹಾಕುತ್ತಿದ್ದವನು ನಾನೇ. ಒಬ್ಬ ಹುಡುಗ ರಾತ್ರಿ ಬಾಯಿಗೆ ಟವೆಲ್ ತುರುಕಿಕೊಂಡು ಮಲಗುತ್ತಿದ್ದ. ಟವೆಲ್ ಮೇಲೆ ರಕ್ತ ಕಂಡ ಪಕ್ಕದವನು ನನಗೆ ತಿಳಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಅವನ ಸಾಲಿನಲ್ಲಿ ಮಲಗುತ್ತಿದ್ದ ನಾಲ್ವರಿಗೂ ಕ್ಷಯ ಬಂದಿತ್ತು. ಹುಡುಗನನ್ನು ನಾನು ದೂರಲಿಲ್ಲ. ಅವನನ್ನು ಹೆದರಿಸಿದವರು ನಾವು.

ಆಮೇಲೆ ಪಟ್ಟು ಹಿಡಿದು, ಎದುರುಬದುರು ಕಿಟಕಿಗಳಿದ್ದ ಒಂದು ಕೋಣೆಯನ್ನು ರೋಗಿಗಳಿಗೆ ಬಿಡಿಸಿಕೊಂಡೆ. ಪತ್ರ, ಪುಸ್ತಕ, ಅಂಗಳದಲ್ಲಿ ಬಿಸಿಲು, ದೂರದಿಂದಲಾದರೂ ಮನೆಯವರ ಭೇಟಿ, ಯಾವುದನ್ನೂ ಕಿತ್ತುಕೊಳ್ಳಲಿಲ್ಲ. ಔಷಧ ನಾಟಿ ಸೋಂಕು ಹರಡುವುದು ನಿಂತ ಮೇಲೆ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ, ಹಳೆಯ ಜಾಗಕ್ಕೇ ಮರಳಿಸಿದೆವು. ಒಬ್ಬ ನಗುತ್ತಾ ಹಿಂದಿರುಗಿದ್ದನ್ನು ಕಂಡ ಮರುದಿನವೇ ಇಬ್ಬರು ತಾವಾಗಿ ಬಂದು 'ನನಗೂ ಕೆಮ್ಮಿದೆ ಸಾರ್' ಎಂದರು. ಆ ದಿನದ ಸಂತೋಷ ಇಂದಿಗೂ ನನ್ನಲ್ಲಿದೆ.

ಇನ್ನೊಂದು ವಿಷಯ ಗಾಳಿ. ಕ್ಷಯದ ರೋಗಾಣು ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ತಟ್ಟೆ, ಲೋಟ, ಕೈಕುಲುಕುವುದರಿಂದ ಅದು ಹರಡುವುದಿಲ್ಲ. ಪಾಪ, ಕೈದಿಗಳು ರೋಗಿಯ ತಟ್ಟೆಯನ್ನು ದೂರವಿಟ್ಟು ಅವನ ಮಗ್ಗುಲಲ್ಲೇ ಮಲಗುತ್ತಾರೆ! ಹೊರಗಿನಿಂದ ಏನನ್ನೂ ಎಸೆಯಬಾರದೆಂದು ನಮ್ಮ ಬ್ಯಾರಕ್‌ನ ಕಿಟಕಿಗಳಿಗೆ ಹಲಗೆ ಬಡಿದಿದ್ದರು. ಹಲಗೆ ತೆಗೆಸಿ ಜಾಲರಿ ಹಾಕಿಸಲು ನಾನು ಎರಡು ವರ್ಷ ಪತ್ರ ಬರೆದೆ. ಮೂವತ್ತು ಮಂದಿಯ ಜಾಗದಲ್ಲಿ ಎಪ್ಪತ್ತು ಮಂದಿಯನ್ನು ತುಂಬಿದರೆ ಜಾಲರಿಯೂ ಸಾಲದು, ಅದು ಬೇರೆ ಮಾತು.

ತುರಿಕಜ್ಜಿಗೆ ಉಪಾಯ ಸರಳ, ಆದರೆ ಒಗ್ಗಟ್ಟು ಬೇಕು. ತುರಿಕೆ ಇದ್ದವರೂ ಇಲ್ಲದವರೂ ಒಂದೇ ದಿನ ಮುಲಾಮು ಹಚ್ಚಿಕೊಂಡು, ಬಟ್ಟೆ ಹಾಸಿಗೆಗಳನ್ನು ಅಂದೇ ಬಿಸಿನೀರಿನಲ್ಲಿ ತೊಳೆಯಬೇಕು. ಒಬ್ಬ ತಪ್ಪಿಸಿಕೊಂಡರೂ ತಿಂಗಳೊಳಗೆ ಮತ್ತೆ ಎಲ್ಲರಿಗೂ ಬರುತ್ತದೆ. ಹುಳು ಸತ್ತ ಮೇಲೂ ಕೆಲವು ವಾರ ತುರಿಕೆ ಉಳಿಯುತ್ತದೆ, ಗಾಬರಿ ಬೇಡ.

ಈಗ ನಿಮ್ಮ ಕೆಲಸ. ಜೈಲಿನ ವೈದ್ಯರಿಗೂ ಅಧೀಕ್ಷಕರಿಗೂ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಪರೀಕ್ಷೆಯಾಗದಿದ್ದರೆ ನಿಮ್ಮ ವಕೀಲರು ನ್ಯಾಯಾಲಯದ ಗಮನಕ್ಕೆ ತರಲಿ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳು ಹೊರಗಿನವರಿಗೆ ಸಿಗುವ ಮಟ್ಟದ ಚಿಕಿತ್ಸೆಯೇ ಕೈದಿಗೂ ಉಚಿತವಾಗಿ ಸಿಗಬೇಕು ಎನ್ನುತ್ತವೆ. ಆ ಹೆಸರಿನ ನೆಲ್ಸನ್ ಮಂಡೇಲಾ ಅವರಿಗೇ 1988ರಲ್ಲಿ ಜೈಲಿನಲ್ಲಿದ್ದಾಗ ಕ್ಷಯ ಬಂದಿತ್ತು. ಚಿಕಿತ್ಸೆ ಸಿಕ್ಕಿತು, ಗುಣವಾದರು, 95 ವರ್ಷ ಬದುಕಿದರು. ಇದನ್ನು ನಿಮ್ಮ ತಮ್ಮನಿಗೆ ಹೇಳಿ.

ಅಧಿಕಾರಿಗಳು 'ಕೈದಿಗಳ ಪಾಡು ಕೈದಿಗಳಿಗೆ' ಎಂದರೆ 1577ರ ಆಕ್ಸ್‌ಫರ್ಡನ್ನು ನೆನಪಿಸಬೇಕು. ವಿಚಾರಣೆಗೆ ತಂದ ಕೈದಿಗಳಿಂದ ಹಬ್ಬಿತೆನ್ನಲಾದ ಜ್ವರಕ್ಕೆ ನ್ಯಾಯಾಧೀಶರೂ ಸೇರಿ ನೂರಾರು ಜನ ಸತ್ತರು. ವಾರ್ಡರ್‌ಗಳೂ ದಿನವೂ ಮನೆಗೆ ಹೋಗುವವರೇ ಅಲ್ಲವೇ?

ಕ್ಷಯವೆಂದು ತಿಳಿದರೆ ಔಷಧ ಸಾಮಾನ್ಯವಾಗಿ ಆರು ತಿಂಗಳು. ಅದು ಕಡಿದುಹೋಗುವುದು ಬಿಡುಗಡೆಯ ದಿನವೇ: ಸಂಜೆ ಆದೇಶ ಬರುತ್ತದೆ, ಮನುಷ್ಯ ಬರಿಗೈಯಲ್ಲಿ ಹೊರಡುತ್ತಾನೆ. ಜಾಮೀನಿನ ಸುದ್ದಿ ಬಂದ ಕೂಡಲೇ ಚಿಕಿತ್ಸೆಯ ಚೀಟಿ, ಕೆಲವು ವಾರಗಳ ಮಾತ್ರೆ ಕೇಳಿ ಇಟ್ಟುಕೊಳ್ಳಿ. ತಮ್ಮನನ್ನು ಮನೆಗೆ ಕರೆತನ್ನಿ. ಸೋಂಕು ಹರಡುವುದು ನಿಂತಿದೆ ಎಂದು ವೈದ್ಯರು ಹೇಳುವ ತನಕ ಅವನು ಕಿಟಕಿ ತೆರೆದ ಕೋಣೆಯಲ್ಲಿ ಬೇರೆ ಮಲಗಲಿ. ಮಕ್ಕಳನ್ನು ವೈದ್ಯರಿಗೆ ತೋರಿಸಿ. ಐದು ವರ್ಷದೊಳಗಿನವರಿಗೆ ರೋಗ ಬಾರದಂತೆ ಕೊಡುವ ಔಷಧವಿದೆ. ಕಫ ಪರೀಕ್ಷೆಯ ಫಲಿತಾಂಶ ಬಂದೊಡನೆ ನನಗೆ ಬರೆಯಿರಿ.